ಸಕ್ಕರೆ ನೀರು ಬೇಡವೆಂದ ಮೊಂಡಕ್ಕ

ಬೆಳಗಿನ ಆರು ಗಂಟೆ. ಬಸ್ ಡಿಪೋದಲ್ಲಿ ಮೊದಲ ಬಸ್ಸು ಇನ್ನೂ ಕೆಮ್ಮುತ್ತಲೇ ಇದೆ. ಗುಜರಿ ಬಸ್ಸುಗಳ ಹಿಂದಿನ ಗೋಡೆಯ ಪಕ್ಕ ಹೆಂಗಸೊಬ್ಬರು ಮಂಡಿಯೂರಿ, ಜೇನುಪೆಟ್ಟಿಗೆಯ ಹಿಂಬದಿಯನ್ನು ಎರಡು ಬೆರಳಲ್ಲಿ ಅಂಗುಲದಷ್ಟು ಎತ್ತಿ ಇಳಿಸುತ್ತಾರೆ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಎತ್ತುತ್ತಾರೆ. ಒಳಗೆ ಎಷ್ಟು ಜೇನಿದೆ ಎಂದು ಹೀಗೆ ಎತ್ತಿದರೆ ತಿಳಿಯುತ್ತದೆಯೇ ಎಂದು ಕೇಳುತ್ತೇನೆ.

"ನಿಮ್ಮನೇಲಿ ಗ್ಯಾಸ್ ಮುಗೀತಾ ಬಂತು ಅಂತ ಹೆಂಗೆ ಗೊತ್ತಾಗುತ್ತೆ? ಸಿಲಿಂಡರ್ ಅಲ್ಲಾಡಿಸಿ ನೋಡಲ್ವಾ? ಹಂಗೇ."

ಡಿಪೋದವರಿಗೆಲ್ಲ ಇವರು ಮೊಂಡಕ್ಕ. ವಯಸ್ಸು ಐವತ್ತೇಳು. ಮೂವತ್ತು ವರ್ಷದಿಂದ ಹರಿದ ಬಸ್ ಸೀಟು ಹೊಲಿಯುವ ಕೆಲಸ. ದಿನಕ್ಕೆ ಎಂಟು ಸೀಟು, ಅದರ ಮೊದಲೂ ಆಮೇಲೂ ಹನ್ನೆರಡು ಜೇನುಪೆಟ್ಟಿಗೆ. ನಾವು ಆರಾಮವಾಗಿ ಕೂತು ಹೋಗುವ ಸೀಟಿನ ಹೊಲಿಗೆ ಯಾರದೆಂದು ಒಬ್ಬರೂ ಕೇಳಿದವರಿಲ್ಲ. ಪೆಟ್ಟಿಗೆಗಳು ಊರಿನ ಜೇನು ಸಂಘ ಕೊಟ್ಟಿದ್ದು.

"ಮೊದಲನೇ ವರ್ಷ ಸಂಘದವರು ಹೇಳಿದಾಗಲೆಲ್ಲ ಸಕ್ಕರೆ ನೀರಿಟ್ಟೆ. ನಾಲ್ಕು ಪೆಟ್ಟಿಗೆಯ ಹುಳದ ಕುಟುಂಬ ಸತ್ತೋಯ್ತು. ಅಳು ಬಂತು. ಆಮೇಲಿಂದ ಹುಳದ ಮಾತು ಕೇಳೋಕೆ ಶುರು ಮಾಡಿದೆ."

ಸಂಘದ ಜೊತೆಗಿನ ಈಗಿನ ಜಗಳ ಮೂರು ವಾರದ್ದು. ಅವತ್ತು, ಈಗಷ್ಟೇ ಎತ್ತಿ ನೋಡಿದ ಈ ಪೆಟ್ಟಿಗೆಯ ಕುಟುಂಬ ಎರಡು ಪಾಲಾಯಿತು. ಜೇನಿನಲ್ಲಿ ಮನೆ ಬಿಡುವವಳು ಮಗಳಲ್ಲ, ತಾಯಿ. ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು, ಹುಟ್ಟಲಿರುವ ಮಗಳಿಗೆ ಮನೆ ಬಿಟ್ಟು ಹೊರಡುತ್ತಾಳೆ. ಹೊರಟವಳು ಹೋಗಿ ಕೂತದ್ದು ಬಸ್ಸೊಂದರ ಪಕ್ಕದ ಕನ್ನಡಿಯ ಮೇಲೆ. ಡ್ರೈವರು ಹತ್ತಲಿಲ್ಲ, ಬಸ್ಸು ಇಪ್ಪತ್ತು ನಿಮಿಷ ತಡ. ಮೊಂಡಕ್ಕ ಸೀಟಿನ ಕವರಿನೊಳಗೆ ಹಿಂಡನ್ನು ಇಳಿಸಿಕೊಂಡು ಖಾಲಿಯಿದ್ದ ಇನ್ನೊಂದು ಪೆಟ್ಟಿಗೆಗೆ ಸೇರಿಸಿದರು. ಮೂರನೆಯ ಸಂಜೆ ಅದಕ್ಕೆ ತಾವೇ ಸಕ್ಕರೆ ನೀರು ಕೊಟ್ಟರು. ತಕರಾರು ಬಂದಿದ್ದು ಹಳೆಯ ಪೆಟ್ಟಿಗೆಯ ವಿಷಯಕ್ಕೆ.

ಸಂಘದ ತರಬೇತಿಯ ಸಾರ್ ಬಂದು ಅದಕ್ಕೂ ಕೊಡಿ ಎಂದರು. ಇವರು ಆಗಲ್ಲ ಎಂದರು. "ಬರಿಗೈಲಿ ಹೊಸ ಮನೆಗೆ ಹೋದೋರಿಗೆ ಅಕ್ಕಿ ಬೇಳೆ ಬೇಕು ಸಾರ್, ಕೊಟ್ಟೆ. ಇಲ್ಲಿರೋರ ಮನೇಲಿ ಜೇನಿನ ಕಣಜ ತುಂಬಿದೆ, ಕಾವಲಿಗೆ ಜನ ಇಲ್ಲ. ಈಗ ಸಿಹಿ ವಾಸನೆ ಬಂದ್ರೆ ಪಕ್ಕದ ಪೆಟ್ಟಿಗೆಯವರೇ ನುಗ್ಗಿ ದೋಚ್ತಾರೆ." ಸಾರ್ ಮುಖ ಕೆಂಪಾಯಿತು. ಈ ಕುಟುಂಬ ಸತ್ತರೆ ಹನ್ನೆರಡು ಪೆಟ್ಟಿಗೆಯನ್ನೂ ವಾಪಸ್ ಒಯ್ಯುತ್ತೇವೆ ಎಂದು ಹೇಳಿಯೇ ಹೋದರು. ಮಾತು ಕೇಳದ ಹೆಂಗಸಿಗೆ ನಮ್ಮಲ್ಲಿ ಶಿಕ್ಷೆ ಎಷ್ಟು ಬೇಗ ಸಿದ್ಧವಾಗುತ್ತದೆ! ಕೇಳಿ ನನಗೇ ಮೈ ಉರಿಯಿತು.

ಆದರೆ ಎಡವಟ್ಟು ಮಾಡಿದ್ದು ಸಾರ್ ಅಲ್ಲ, ಮೊಂಡಕ್ಕನ ಯಜಮಾನರು. ನಿವೃತ್ತ ಕಂಡಕ್ಟರ್, ಬೆಣ್ಣೆಯಂಥ ಮನಸ್ಸು. ಹೆಂಡತಿ ಹೊಲಿಗೆಗೆ ಕೂತಿದ್ದಾಗ, ಪಾಪ ಹಸಿದಾವೆಂದು ಹಳೆಯ ಪೆಟ್ಟಿಗೆಯ ಬಾಗಿಲಲ್ಲೇ ಒಂದು ತಟ್ಟೆ ಸಕ್ಕರೆ ನೀರಿಟ್ಟು ಬಂದರು. ಅರ್ಧ ಗಂಟೆಯಲ್ಲಿ ಉಳಿದ ಪೆಟ್ಟಿಗೆಗಳ ಹುಳಗಳು ಮುತ್ತಿದವು. ತಟ್ಟೆ ಖಾಲಿಯಾದ ಮೇಲೆ ಪೆಟ್ಟಿಗೆಯೊಳಗೇ ನುಗ್ಗಿದವು. ಬಾಗಿಲ ಮುಂದೆ ಹೆಣಗಳ ರಾಶಿ. ಮೊಂಡಕ್ಕ ಓಡಿಬಂದು ಬಾಗಿಲಿಗೆ ಸೀಟಿನ ಸ್ಪಂಜು ತುರುಕಿ, ಒಂದೇ ಹುಳ ನುಸುಳುವಷ್ಟು ಸಂದು ಬಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿದರು.

"ಲೇ, ನೀನು ಬೈದುಬಿಡು, ಸುಮ್ಮನಿರಬೇಡ ಅಂದೆ" ಎಂದು ಯಜಮಾನರು ಈಗಲೂ ತಲೆ ತಗ್ಗಿಸುತ್ತಾರೆ. "ಎರಡು ದಿನ ಮಾತೇ ಆಡಲಿಲ್ಲ."

ಸಂಜೆ ಪೆಟ್ಟಿಗೆ ಎತ್ತಿದರೆ ಹಗುರ. ಜೇನಿನ ಕಣಜ ಬರಿದಾಗಿತ್ತು. ಸುದ್ದಿ ತಿಳಿದ ಸಾರ್ ಫೋನಿನಲ್ಲಿ, "ಈಗಲಾದ್ರೂ ಸಕ್ಕರೆ ನೀರು ಕೊಡ್ತೀರೋ ಇಲ್ವೋ?" ಎಂದರು. ಇನ್ನೊಬ್ಬರಾಗಿದ್ದರೆ ಸೋತು ಕೊಡುತ್ತಿದ್ದರು, ಇಲ್ಲವೇ ಹಟಕ್ಕೆ ಬಿದ್ದು ಉಪವಾಸ ಕೆಡವುತ್ತಿದ್ದರು. ಮೊಂಡಕ್ಕ ಎರಡನ್ನೂ ಮಾಡಲಿಲ್ಲ. ಕತ್ತಲಾಗುವ ಹೊತ್ತಿಗೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ, ತಮ್ಮ ಅತಿ ಬಲವಾದ ಪೆಟ್ಟಿಗೆಯಿಂದ ಜೇನು ತುಂಬಿ ಮೇಣ ಮುಚ್ಚಿದ ಒಂದು ಎರಿಯನ್ನು ತೆಗೆದು, ಒಂದು ಹನಿಯೂ ಸೋರದಂತೆ ಇದರೊಳಗೆ ಇಳಿಸಿದರು. ಮನೆಗೆಂದು ಎತ್ತಿಟ್ಟಿದ್ದ ವರ್ಷದ ಜೇನು ಅದು.

"ನಾನು ಮೊಂಡಿ, ಒಪ್ಕೋತೀನಿ. ಆದ್ರೆ ನನ್ನ ಮೊಂಡುತನಕ್ಕೆ ಹುಳ ಯಾಕೆ ಸಾಯಬೇಕು? ಹಸಿದಿದ್ದು ನಿಜ, ಉಣಿಸಿದೆ. ಸಾರ್ ಹೇಳಿದ್ರು ಅಂತ ಅಲ್ಲ, ಪೆಟ್ಟಿಗೆ ಹೇಳ್ತು ಅಂತ."

ಉಣಿಸಿದರಷ್ಟೇ ಸಾಲದು. ಹೊಸ ರಾಣಿ ಹುಟ್ಟಿ, ಹೊರಗೆ ಹಾರಿ, ಗಂಡುನೊಣಗಳನ್ನು ಕೂಡಿ, ಹಿಂತಿರುಗಿ ಮೊಟ್ಟೆ ಇಡಬೇಕು. ಮಧ್ಯೆ ತೆರೆದು ನೋಡುವ ಹಾಗಿಲ್ಲ. ಯಜಮಾನರು ದಿನಾ ಕೇಳಿದರು, ಇವರು ದಿನಾ ಬೇಡ ಎಂದರು. ಇವತ್ತು ತೆರೆಯುವ ದಿನ.

ಒಂಬತ್ತೂವರೆಗೆ ಬಿಸಿಲು ಕಾದ ಮೇಲೆ ಮುಚ್ಚಳ ಎತ್ತುತ್ತಾರೆ. ಒಂದು ಹುಳ ನನ್ನ ಕಿವಿಗೆ ಕುಟುಕುತ್ತದೆ, ಅದಕ್ಕೆ ಯಾರೂ ಮರುಗುವುದಿಲ್ಲ. ನಡುವಿನ ಎರಿಯನ್ನು ಬಿಸಿಲಿಗೆ ಹಿಡಿದು ಮೊಂಡಕ್ಕ ಒಂದೊಂದೇ ಕೋಣೆಯೊಳಗೆ ಇಣುಕುತ್ತಾರೆ. ಆಮೇಲೆ ಯಜಮಾನರನ್ನು ಕರೆಯುತ್ತಾರೆ.

"ಬನ್ನಿ ಇಲ್ಲಿ. ಕನ್ನಡಕ ಹಾಕ್ಕೊಂಡು ಬನ್ನಿ."

ಕೋಣೆಗೊಂದರಂತೆ, ಬಿಳಿ ದಾರದ ತುಣುಕಿನಂಥ ಮೊಟ್ಟೆಗಳು. ರಾಣಿ ಮನೆ ತುಂಬಿದ್ದಾಳೆ. ಯಜಮಾನರು ಅಳುತ್ತಾರೆ, ಮೊಂಡಕ್ಕ ಬೈಯುತ್ತಾರೆ, ಮೂರು ವಾರದ ಬೈಗುಳ ಒಟ್ಟಿಗೆ.

ಹೊಲಿಗೆ ಮೇಜಿಗೆ ಮರಳಿದ ಮೇಲೆ ಮೊಂಡಕ್ಕ ಸಾರ್‌ಗೆ ಫೋನ್ ಹಚ್ಚುತ್ತಾರೆ. ಆ ಕಡೆಯ ದನಿ ನನಗೂ ಕೇಳುತ್ತದೆ: "ಬದುಕಿತಾ? ಅದೃಷ್ಟ ಬಿಡಿ ನಿಮ್ಮದು."

"ಅದೃಷ್ಟ ಅಂತಾನೇ ಇಟ್ಕೊಳ್ಳಿ ಸಾರ್" ಎನ್ನುತ್ತಾರೆ ಮೊಂಡಕ್ಕ, ಸೂಜಿಗೆ ದಾರ ಪೋಣಿಸುತ್ತ. "ಮುಂದಿನ ವರ್ಷಾನೂ ನಿಮ್ಮ ಮಾತು ಕೇಳಲ್ಲ. ಆಗಲೂ ಅದೃಷ್ಟ ಅನ್ನೋಕೆ ರೆಡಿಯಾಗಿರಿ."