ಕೆಂಪು ಗಾಡಿಯ ಮೊಳೆ

ಉಸ್ತಾದರ ಎಡಗೆನ್ನೆಯ ಮೇಲೆ ಎಂಟಾಣೆ ಅಗಲದ ಒಂದು ಕಪ್ಪು ಕಲೆ ಇತ್ತು. ಬಲಗೆನ್ನೆ ಗೋಧಿ ಬಣ್ಣ, ಕೆಳಗೆ ಬಿಳಿ ಗಡ್ಡ. ಹೊಸಬರು ಅದನ್ನು ಹುಟ್ಟುಮಚ್ಚೆ ಎಂದುಕೊಳ್ಳುತ್ತಿದ್ದರು. ಅದು ಟೈರಿನ ಮಸಿ. ಪಂಕ್ಚರ್ ಎಲ್ಲಿದೆಯೆಂದು ಬೇರೆಯವರು ನೀರಿನ ಬುಟ್ಟಿಯಲ್ಲಿ ಹುಡುಕಿದರೆ, ಉಸ್ತಾದರು ಮೊದಲು ಕೆನ್ನೆಯನ್ನು ಟೈರಿಗೆ ಹತ್ತಿರ ತಂದು ಉಸಿರು ಹಿಡಿದು ಕೂಡುತ್ತಿದ್ದರು. ಎಳೆ ಗಾಳಿ ಸೋಕಿದರೂ ಅವರಿಗೆ ಗೊತ್ತಾಗುತ್ತಿತ್ತು. "ಕೈ ದಡ್ಡುಗಟ್ಟ್ಯಾವು ತಮ್ಮಾ, ಗಲ್ಲ ಇನ್ನಾ ಕೂಸಿನ್ದ ಐತಿ" ಎನ್ನುತ್ತಿದ್ದರು. ಈದ್ ದಿನ ಹೊಸ ಅಂಗಿ ತೊಟ್ಟು ಅತ್ತರು ಹಚ್ಚಿಕೊಂಡು ಬಂದಾಗಲೂ ಕಲೆ ಅಲ್ಲೇ ಇರುತ್ತಿತ್ತು.

ದಾಂಡೇಲಿಯಿಂದ ಜೊಯಿಡಾ ಕಡೆಗೆ ಹೊರಡುವ ರಸ್ತೆಯ ಬದಿಗೆ ಅವರ ಅಂಗಡಿ. ತಗಡಿನ ಸೂರು, ಡೀಸೆಲ್ ಕುಡಿದು ಕೆಮ್ಮುವ ಗಾಳಿಯಂತ್ರ, ಲಾರಿಯವರು ಕೂಡಲು ಒಂದು ಬೆಂಚು. ಬಿದಿರು ಹೇರಿಕೊಂಡು ಬರುವ ಲಾರಿಗಳು, ಹಳಿಯಾಳದ ಟೆಂಪೊಗಳು, ಮುಂಡಗೋಡದ ಜೀಪುಗಳು ಎಲ್ಲವೂ ಅಲ್ಲಿ ನಿಲ್ಲಲೇಬೇಕು. ಬಂದವರಿಗೆ ಉಸ್ತಾದರ ಮೊದಲ ಪ್ರಶ್ನೆ ಒಂದೇ: "ಸ್ಟೆಪ್ನಿ ನೋಡ್ಕೊಂಡಿ?" ಕ್ಷೇಮಸಮಾಚಾರವೆಲ್ಲ ಆಮೇಲೆ. ಒಮ್ಮೆ ಮದುವೆಯ ದಿಬ್ಬಣದ ಬಸ್ಸು ನಿಂತಾಗ, ಬಾಸಿಂಗ ಕಟ್ಟಿಕೊಂಡು ಕಿಟಕಿಯಲ್ಲಿ ಇಣುಕಿದ ಮದುಮಗನಿಗೂ ಅದನ್ನೇ ಕೇಳಿ ಇಡೀ ಬಸ್ಸನ್ನು ನಗಿಸಿದ್ದರು. ಅವರಿಗೆ ಮಾತ್ರ ನಗು ಬಂದಿರಲಿಲ್ಲ. ಹೆಚ್ಚಿನ ಚಕ್ರದಲ್ಲಿ ಗಾಳಿ ಇದೆಯೋ ಇಲ್ಲವೋ ನೋಡದೆ ಕಾಡಿಗೆ ಇಳಿಯುವವನು ಅವರ ಲೆಕ್ಕದಲ್ಲಿ ಅರೆಹುಚ್ಚ.

ಅಂಥ ಅರೆಹುಚ್ಚರಲ್ಲಿ ನಾನು ಮೊದಲಿಗ. ನನಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಚಹಾ ಆರುವ ತನಕ ಕಾಯದೆ ನಾಲಿಗೆ ಸುಟ್ಟುಕೊಳ್ಳುವ ಜಾತಿ. ಈ ಅವಸರದಿಂದಲೇ ಎರಡು ಕಡೆ ಡ್ರೈವರ್ ಕೆಲಸ ಕಳೆದುಕೊಂಡು ಹಳಿಯಾಳದ ಮನೆಯಲ್ಲಿ ಕೂತಿದ್ದೆ. ತೊಂಬತ್ತರ ದಶಕದ ಕೊನೆಗೆ ದಾಂಡೇಲಿಯ ಹೊರಗೆ ಜೊಯಿಡಾ ರಸ್ತೆಯಲ್ಲಿ ಬಂಗಲೆ ಕಟ್ಟಿಸಿದ್ದ ಮುಂಬೈ ಕಡೆಯ ಕಂತ್ರಾಟುದಾರರೊಬ್ಬರು ನನ್ನನ್ನು ಇಟ್ಟುಕೊಂಡರು. ಹೆಂಡತಿ ಅವತ್ತೇ ಎಚ್ಚರಿಕೆ ಕೊಟ್ಟಳು: "ಇದೂ ಹೋತಂದ್ರ ನಾ ಮಕ್ಕಳನ್ನ ಕರ್ಕೊಂಡು ಮಳಗಿಗೆ ಹೋಗ್ತೇನಿ. ಆಮ್ಯಾಲೆ ನೀವು, ನಿಮ್ಮ ಸ್ಟೇರಿಂಗು." ಮಳಗಿ ಅವಳ ತವರು. ಅವಳು ಸುಮ್ಮನೆ ಹೆದರಿಸುವ ಹೆಂಗಸಲ್ಲ.

ಸಾಹೇಬರ ಹತ್ತಿರ ಒಂದು ಜೀಪು, ಜತೆಗೆ ಒಂದು ಕೆಂಪು ಗಾಡಿ. ಪರದೇಶದ್ದು, ಇಬ್ಬರೇ ಕೂಡುವಂಥದ್ದು, ಎಂಜಿನ್ನು ಹಿಂದೆ. ಅದರ ಹೆಸರು ನನ್ನ ಬಾಯಲ್ಲಿ ಯಾವತ್ತೂ ಸರಿಯಾಗಿ ಹೊರಳಲಿಲ್ಲ. ಒಳಗೆ ಕೂತರೆ ನೆಲಕ್ಕೆ ಚಾಪೆ ಹಾಸಿ ಕೂತ ಹಾಗೆ. ದಾರಿಯ ಪ್ರತಿ ಉಬ್ಬಿಗೂ ಅದರ ಹೊಟ್ಟೆ ತಾಗುತ್ತಿತ್ತು. ಗಾಡಿಯ ಹುಚ್ಚು ಸಾಹೇಬರದು, ಆದರೆ ಅವರಿಗೆ ಸೊಂಟನೋವು. ಹಾಗಾಗಿ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದು ಚಳಿಗಾಲದ ರಂಜಾನ್ ತಿಂಗಳು. ಸಾಹೇಬರು ಸಂಜೆಯೊಳಗೆ ಧಾರವಾಡದಲ್ಲಿ ಒಬ್ಬ ಅಧಿಕಾರಿಯನ್ನು ಕಾಣಬೇಕಿತ್ತು. ದಾಂಡೇಲಿ ದಾಟುವ ಮೊದಲೇ ಹಿಂದಿನ ಚಕ್ರದಲ್ಲಿ ಟಕ್ ಟಕ್ ಸದ್ದು. ಉಸ್ತಾದರ ಅಂಗಡಿ ಮುಂದೆ ನಿಲ್ಲಿಸಿದೆ. ತಡವಾಗುತ್ತದೆಂದು ತಿಳಿಸಲು ಸಾಹೇಬರು ಎದುರಿನ ಎಸ್‌ಟಿಡಿ ಬೂತಿಗೆ ಹೋದರು. ಟೈರಿನಲ್ಲಿ ಎರಡಿಂಚಿನ ಮೊಳೆ ತಲೆಯವರೆಗೂ ಹೊಕ್ಕು ಕೂತಿತ್ತು. ಉಸ್ತಾದರು ಕುಕ್ಕರಗಾಲಲ್ಲಿ ಕೂತು ಕೆನ್ನೆ ಹತ್ತಿರ ತಂದರು. ಎದ್ದರು. ಮತ್ತೆ ಕೂತರು.

"ತಮ್ಮಾ, ಮೊಳಿ ಹೊಕ್ಕೈತಿ. ಗಾಳಿ ಹೋಗವಲ್ದು. ಸ್ಟೆಪ್ನಿ ಎಲ್ಲೈತಿ?"

"ಸ್ಟೆಪ್ನಿ ಇಲ್ರಿ ಈ ಗಾಡಿಗೆ."

"ಸ್ಟೆಪ್ನಿ ಇಲ್ಲದ ಗಾಡಿ ಯಾವ ಶ್ಯಾಣ್ಯಾ ಮಾಡಿದ್ನೋ! ಹಂಗಾರ ಇದನ್ನ ಮುಟ್ಟೂದು ಬ್ಯಾಡ. ಒಳಗ ಏನೋ ಬ್ಯಾರೆ ಐತಿ. ತಡಿ, ಒಂದ ಗಳಿಗಿ ವಿಚಾರ ಮಾಡೂಣು."

"ವಿಚಾರ ಮಾಡಾಕ ಯಾರಿಗದ ವ್ಯಾಳ್ಯಾ?" ಎಂದೆ. ಮೊಳೆ ಕಂಡ ಕೂಡಲೇ ಕೀಳಬೇಕು, ಇಲ್ಲವಾದರೆ ಟ್ಯೂಬು ಚಿಂದಿಯಾಗುತ್ತದೆ. ನಮ್ಮ ಕಡೆಯ ಯಾವ ಡ್ರೈವರನನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದ. ಈ ಟೈರಿನೊಳಗೆ ಟ್ಯೂಬೇ ಇಲ್ಲ, ಹೊಕ್ಕ ಮೊಳೆಯೇ ತೂತಿಗೆ ಬಿರಡೆಯಾಗಿ ಕೂತಿದೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಅವರ ಪೆಟ್ಟಿಗೆಯಿಂದ ಪಕ್ಕಡ ಎತ್ತಿಕೊಂಡು ಮೊಳೆಯನ್ನು ಕಿತ್ತೇಬಿಟ್ಟೆ. ಬುಸ್ ಎಂದು ಗಾಳಿ ಹೊರಗೆ ನುಗ್ಗಿತು. ಕೆಂಪು ಗಾಡಿ ಒಂದು ಮಗ್ಗುಲಿಗೆ ಕುಸಿದು ಕೂತಿತು.

ಸಾಹೇಬರು ಓಡಿ ಬಂದರು. "ಯಾರು ಕಿತ್ತಿದ್ದು?" ಎಂದು ಕೂಗಿದರು. ಪಕ್ಕಡ ನನ್ನ ಕೈಯಿಂದ ಉಸ್ತಾದರ ಕೈಗೆ ಯಾವಾಗ ಹೋಯಿತೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣ ಮುಂದೆ ಮಳಗಿಯ ಬಸ್ಸು ಹತ್ತುವ ಹೆಂಡತಿ, ಮಕ್ಕಳು.

"ನಾನ ಕಿತ್ತೇನ್ರಿ ಸಾಹೇಬ್ರ," ಎಂದರು ಉಸ್ತಾದರು. "ಗೊತ್ತಾಗ್ಲಿಲ್ರಿ. ತಪ್ಪಾತು."

ಸಾಹೇಬರು ಬೈದದ್ದನ್ನು ನಾನಿಲ್ಲಿ ಬರೆಯಲಾರೆ. ಬೆಂಚಿನ ಮೇಲೆ ಆರು ಜನ ಲಾರಿಯವರು ಕೂತಿದ್ದರು. ಟೈರು ಇದ್ದದ್ದು ಗಾಡಿಯ ಆಚೆ ಬದಿಗೆ, ಮೊಳೆ ಕಿತ್ತವರು ಯಾರೆಂದು ಅವರಿಗೆ ಕಂಡಿರಲಿಲ್ಲ. ಸೈಕಲ್ ಚಕ್ರ ಮುಟ್ಟಲೂ ಯೋಗ್ಯತೆಯಿಲ್ಲದವನು ಎಂದು, ಅರವತ್ತರ ಹತ್ತಿರ ಬಂದ, ರೋಜಾ ಹಿಡಿದು ಬೆಳಗಿನಿಂದ ಹನಿ ನೀರು ಕುಡಿಯದ ಆ ಮನುಷ್ಯ ಹೇಳಿಸಿಕೊಳ್ಳುವಂತೆ ಮಾಡಿದವನು ನಾನು. ಆ ಸಿಟ್ಟಿನಲ್ಲೇ ಸಾಹೇಬರು ಗಾಡಿಯನ್ನು ಪಕ್ಕಕ್ಕೆ ತಳ್ಳಿಸಿದರು, ಆಗ ಟೈರು ರಿಮ್ಮಿಗೆ ಸಿಕ್ಕಿ ಹರಿದುಹೋಯಿತು. ಬೇರೆ ಟೈರು ಮುಂಬೈಯಿಂದ ಬರಲು ಎಂಟು ದಿನ. ಎಂಟೂ ದಿನ ಗಾಡಿ ಆ ಅಂಗಡಿಯ ಮುಂದೆಯೇ ಕುಂಟುತ್ತ ನಿಂತಿತ್ತು. ಊರು ನೋಡಲು ಬಂತು. ಗಾಡಿ ನೋಡಿ, ಉಸ್ತಾದರನ್ನು ನೋಡಿ, ನಗುತ್ತ ಹೋಯಿತು. ಮೂವತ್ತು ವರ್ಷದಲ್ಲಿ ಒಂದು ಮಾತು ಕೇಳಿರದ ಕೈಗೆ "ಮೊಳಿ ಕಿತ್ತ ಉಸ್ತಾದ್" ಎಂಬ ಹೆಸರು ಅಂಟಿತು. ಸಾಹೇಬರ ಜೀಪೂ ಬೇರೆ ಅಂಗಡಿಗೆ ಹೋಗತೊಡಗಿತು.

ನಾನಾಗಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಉಸ್ತಾದರು ಹಬ್ಬ ಮುಗಿಸಿ ಹುಬ್ಬಳ್ಳಿಯ ಬಸ್ಸು ಹತ್ತಿದರು. ಅಲ್ಲಿ ಒಂದು ದೊಡ್ಡ ಟೈರಂಗಡಿಯ ಬಾಗಿಲಲ್ಲಿ, ಮಕ್ಕಳ ವಯಸ್ಸಿನ ಕೆಲಸಗಾರರ ಹಿಂದೆ ನಿಂತು, ಮೂರು ಸಲ ಹೋಗಿ ಟ್ಯೂಬಿಲ್ಲದ ಟೈರಿನ ಕೆಲಸ ಕಲಿತು ಬಂದರು. ಬಂದವರೇ ನನಗೆ ಹೇಳಿ ಕಳಿಸಿದರು. ಸಾಹೇಬರು ಊರಲ್ಲಿ ಇಲ್ಲದ ದಿನ, ಪೆಟ್ರೋಲ್ ಹಾಕಿಸುವ ನೆವ ಮಾಡಿ ಕೆಂಪು ಗಾಡಿಯನ್ನು ಒಯ್ದೆ.

ಗಾಡಿಯ ಮುಂದೆ ಕೂತು ಅವರು ಅದರ ಒಂದೊಂದೇ ತೊಡಕನ್ನು ಬಿಡಿಸಿದರು. ಮುಂದಿನ ಟೈರು ಒಂದಳತೆ, ಹಿಂದಿನದು ಇನ್ನೊಂದಳತೆ, ಹಾಗಾಗಿ ಸ್ಟೆಪ್ನಿ ಇದ್ದರೂ ಒಂದು ಸಾಲದು. ಹೊಟ್ಟೆ ನೆಲಕ್ಕೆ ತಾಗುವುದರಿಂದ ಜಾಕು ಅಡಿಯಲ್ಲಿ ತೂರುವುದಿಲ್ಲ. ಅದಕ್ಕೆ ಬಡಿಗೇರನ ಹತ್ತಿರ ಇಳಿಜಾರಾದ ಎರಡು ಸಾಗವಾನಿ ಹಲಗೆ ಮಾಡಿಸಿದ್ದರು. ಮೊದಲು ಚಕ್ರವನ್ನು ಹಲಗೆ ಹತ್ತಿಸು, ಆಮೇಲೆ ಜಾಕು ಇಡು. ಕಳ್ಳರು ಬಿಚ್ಚದಂತೆ ಒಂದೊಂದು ಚಕ್ರಕ್ಕೂ ಒಂದು ಕಳ್ಳನಟ್ಟು, ಅದಕ್ಕೇ ಬೇರೆ ಕೀಲಿ. ಆ ಕೀಲಿ ಸಾಹೇಬರ ಮೇಜಿನ ಖಾನೆಯಲ್ಲಿದೆ ಎಂದಾಗ ಉಸ್ತಾದರು ಹಣೆ ಬಡಿದುಕೊಂಡರು. "ಕಾಡಿನ್ಯಾಗ ಪಂಕ್ಚರ್, ಕೀಲಿ ಬಂಗಲೇದಾಗ! ಇವತ್ತ ತಂದು ಗಾಡ್ಯಾಗ ಇಡು." ಆಗಲೇ ಬಂಗಲೆಗೆ ಹೋಗಿ ಕೀಲಿ ತಂದೆ. ತೂತು ಮುಚ್ಚುವ ಅಂಟಂಟು ರಬ್ಬರಿನ ಎಳೆಗಳು, ಅದನ್ನು ತುರುಕುವ ದಬ್ಬಳ, ನಟ್ಟು ತಿರುಗಿಸುವ ಪಾನಾ, ಕಾಲಲ್ಲಿ ತುಳಿಯುವ ಪಂಪು, ಗಾಳಿ ಅಳೆಯುವ ಕಡ್ಡಿ, ಎಲ್ಲವನ್ನೂ ಒಂದು ಕ್ಯಾನ್ವಾಸ್ ಚೀಲಕ್ಕೆ ತುಂಬಿದರು. ಆಮೇಲೆ ನನ್ನ ಕಣ್ಣು ಮುಚ್ಚಿಸಿದರು.

"ಈಗ ಹುಡುಕು, ಪಾನಾ ಎಲ್ಲೈತಿ? ಕಳ್ಳನಟ್ಟಿನ ಕೀಲಿ?"

ಏಪ್ರಿಲ್ ಬಿಸಿಲಲ್ಲಿ ಆ ಚಕ್ರವನ್ನು ಏಳು ಸಲ ಬಿಚ್ಚಿ ಏಳು ಸಲ ಹಾಕಿದ್ದೇನೆ. ಲಾರಿಯವರು ಬೆಂಚಿನ ಮೇಲಿಂದ ಎಣಿಸಿ ಚಪ್ಪಾಳೆ ತಟ್ಟುತ್ತಿದ್ದರು. ಸಿಟ್ಟಿಗೆ ಒಂದು ಸಲ ಪಾನಾ ಬಿಸಾಕಿದೆ. "ತಂದು ಇಡು," ಎಂದರು, ಅಷ್ಟೇ. ಎಲ್ಲ ಮುಗಿದ ಮೇಲೆ ಮೊಳೆಯ ಪಾಠ: "ಮೊಳಿ ಕಂಡ್ರ ಕೀಳಬ್ಯಾಡ. ಇರ್ಲಿ ಬಿಡು. ಗಾಳಿ ಹೊಡಿ, ಹೋಗು. ಸಮ ಜಾಗಾ ಸಿಕ್ಕ ಮ್ಯಾಲ, ದಬ್ಬಳಾ, ಎಳಿ, ಎಲ್ಲಾ ಕೈಯಾಗ ಇಟ್ಕೊಂಡು, ಆಮ್ಯಾಲೆ ಕೀಳು."

ನಾನು ಚಹಾ ತರಿಸಿದೆ. ಅವರು ಮುಟ್ಟಲಿಲ್ಲ. ಬೆಳಗಿನಿಂದ ನೀರನ್ನೂ ಕುಡಿದಿರಲಿಲ್ಲ ಎಂದು ಆಗ ಹೊಳೆಯಿತು.

"ರಂಜಾನ್ ಮುಗಿದು ಎಷ್ಟ ದಿನಾ ಆತ್ರಿ, ಇವತ್ತ್ಯಾಕ ರೋಜಾ?"

ಅವರು ಹೇಳಲು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಕೆಳಗೆ ನೋಡುತ್ತ ಅಂದರು: "ಅವತ್ತ ರೋಜಾದಾಗ ಸುಳ್ಳ ಹೇಳಿದ್ನೆಲ್ಲ. ಆ ರೋಜಾ ಕೆಟ್ಟೈತೋ ಇಲ್ಲೋ ಮ್ಯಾಲಿನಾಂವಗ ಗೊತ್ತು. ಮನಸಿಗೆ ಸಮಾಧಾನ ಇರ್ಲಿಲ್ಲ, ಇನ್ನೊಂದ ಹಿಡದೇನಿ."

ಚಳಿಯ ದಿನದ ಉಪವಾಸಕ್ಕೆ ಬದಲಾಗಿ ಬೇಸಿಗೆಯ ದೀರ್ಘ ಹಗಲು, ಅದೂ ನನ್ನ ಕೈ ಮಾಡಿದ ಕೆಲಸಕ್ಕೆ. ಇವತ್ತೇ ಸಾಹೇಬರಿಗೆ ಎಲ್ಲ ಹೇಳಿಬಿಡುತ್ತೇನೆ, ಬೆಂಚಿನ ಮೇಲಿನವರಿಗೂ ಹೇಳುತ್ತೇನೆ ಎಂದು ಎದ್ದೆ. ಉಸ್ತಾದರು ತೋಳು ಹಿಡಿದು ಕೂಡಿಸಿದರು.

"ಹುಚ್ಚಪ್ಪಾ, ಕೂಡು. ಕೈ ತಪ್ಪಿದ್ರ ಮಂದಿ ನಾಕ ದಿನಾ ನಗ್ತಾರ. ಉಸ್ತಾದ್ ಸುಳ್ಳ ಹೇಳ್ಯಾನ ಅಂತ ಗೊತ್ತಾದ್ರ, ನಾಳೆ ಟೈರ್ ಹೋಗೈತಿ ಅಂದ್ರ ಯಾರು ನಂಬ್ತಾರ? ನಿನಗ ನೌಕರಿ ಐತಿ, ಮಕ್ಕಳ ಅದಾವು. ಸುಮ್ಮ ಗಾಡಿ ಹೊಡಿ."

ಕೂತೆ. ಜೀವಮಾನದಲ್ಲಿ ಕೂಡು ಎಂದಾಗ ನಾನು ಕೂತದ್ದು ಅದೊಂದೇ ಸಲ. ಕೂಡಬಾರದ ಸಲವೇ ಕೂತೆ.

ಮಳೆಗಾಲ ಮುಗಿದ ಮೇಲೆ ಸಾಹೇಬರು ಕಾರವಾರಕ್ಕೆ ಕೆಂಪು ಗಾಡಿಯಲ್ಲೇ ಹೋಗುವ ಹಟ ಹಿಡಿದರು. ಜೊಯಿಡಾ ದಾಟಿ, ಅಣಶಿ ದಾಟಿ, ಘಟ್ಟದ ತಿರುವುಗಳಲ್ಲಿ ಮತ್ತೆ ಅದೇ ಟಕ್ ಟಕ್. ಇಳಿದು ನೋಡಿದರೆ ಮೊಳೆ. ಮೇಲೂ ಕಾಡು, ಕೆಳಗೂ ಕಾಡು, ದಾರಿಯಲ್ಲಿ ನರಪಿಳ್ಳೆ ಇಲ್ಲ. ಸಾಹೇಬರು "ಏನಾದರೂ ಮಾಡೋ, ಬೇಗ!" ಎಂದು ಕೂಗುತ್ತಿದ್ದರು. ನನ್ನ ಕೈ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಆಮೇಲೆ ಪಂಪು ತುಳಿದು ಗಾಳಿ ತುಂಬಿ, ಮೆಲ್ಲಗೆ ಇಳಿದು, ಎರಡು ತಿರುವಿಗೊಮ್ಮೆ ನಿಂತು ಅಳೆದು, ಮತ್ತೆ ತುಂಬಿ, ಬಯಲು ಸಿಕ್ಕಿದಾಗ ಹಲಗೆ ಹತ್ತಿಸಿ, ಜಾಕು ಇಟ್ಟು, ಕಳ್ಳನಟ್ಟು ಬಿಚ್ಚಿ, ಎಲ್ಲ ಹತ್ತಿರ ಇಟ್ಟುಕೊಂಡು ಮೊಳೆ ಕಿತ್ತೆ. ತೂತಿಗೆ ಎಳೆ ತುರುಕಿದೆ. ಕೆನ್ನೆ ಹತ್ತಿರ ಹಿಡಿದು ನೋಡಿದೆ. ನನ್ನ ಒರಟು ಕೆನ್ನೆಗೆ ಏನೂ ತಿಳಿಯಲಿಲ್ಲ, ಎಂಜಲು ಹಚ್ಚಿ ನೋಡಿಕೊಂಡೆ. ಗುಳ್ಳೆ ಏಳಲಿಲ್ಲ.

ಸಾಹೇಬರು ಬೆರಗಾಗಿ, ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರು. ಉಸ್ತಾದರು ಕಲಿಸಿದರು ಎಂದೆ. "ಯಾರು, ಅವತ್ತು ಮೊಳೆ ಕಿತ್ತವನಾ? ಪರವಾಗಿಲ್ಲ, ತಪ್ಪು ಮಾಡಿದರೂ ಕಲಿತಿದ್ದಾನೆ" ಎಂದು ನಕ್ಕರು. ಕಿತ್ತವನು ನಾನು ಎನ್ನಲು ಬಾಯಿ ತೆರೆದೆ. "ಹೌದ್ರಿ ಸಾಹೇಬ್ರ" ಎಂದು ಮುಚ್ಚಿದೆ. ಸಾಹೇಬರ ಜೀಪು ಮತ್ತೆ ಉಸ್ತಾದರ ಅಂಗಡಿಗೆ ಬರತೊಡಗಿತು. ನನ್ನ ಕೆಲಸವೂ ಉಳಿಯಿತು, ಹೆಂಡತಿಯೂ ಉಳಿದಳು. ಆ ಅಡ್ಡಹೆಸರೂ ಉಳಿಯಿತು.

ಸಾಹೇಬರು ಗಾಡಿ ಮಾರಿ ಊರು ಬಿಟ್ಟು ಹೋದ ಮೇಲೆ ನಾನು ಸ್ವಂತ ಜೀಪು ಮಾಡಿಕೊಂಡು ಕಾಡು ನೋಡಲು ಬರುವವರನ್ನು ಜೊಯಿಡಾ ಕಡೆ ಒಯ್ಯತೊಡಗಿದೆ. ದಿನಾ ಆ ಅಂಗಡಿಯ ಮುಂದೆ ಹಾಯುವಾಗ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಎಲ್ಲದಕ್ಕೂ ಅವಸರ ಮಾಡುವ ನಾನು ಇದೊಂದಕ್ಕೆ ಹತ್ತು ವರ್ಷ ತೆಗೆದುಕೊಂಡೆ. ಅಷ್ಟರಲ್ಲಿ ಉಸ್ತಾದರು ಹೋದರು. ಮೂರು ದಿನದ ಜ್ವರ, ಅಷ್ಟೇ.

ಕಬರಸ್ತಾನದಲ್ಲಿ ಎಲ್ಲರ ಜೊತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಮುಗಿಸಿ ಬಂದು, ಮುಚ್ಚಿದ ಅಂಗಡಿಯ ಬೆಂಚಿನ ಮೇಲೆ ಹಳೇ ಡ್ರೈವರುಗಳೆಲ್ಲ ಕೂತೆವು. ಒಬ್ಬೊಬ್ಬರೂ ಅವರ ಕೈಯ ಗುಣ ಹೇಳಿದರು. ಹಳಿಯಾಳದ ಮುದುಕ ಲಾರಿ ಡ್ರೈವರೊಬ್ಬ ಕಣ್ಣೊರೆಸಿಕೊಂಡು, "ನಲವತ್ತ ವರ್ಷದಾಗ ಒಂದ ಸಲ ತಪ್ಪಿದ ನೋಡ್ರಿ, ಆ ಕೆಂಪು ಗಾಡಿ ಮೊಳಿ ಕಿತ್ತಾಗ," ಎಂದ. ಎಲ್ಲರೂ ಪ್ರೀತಿಯಿಂದಲೇ ನಕ್ಕರು.

ನಾನು ಎದ್ದು ನಿಂತೆ. "ಆ ಮೊಳಿ ಕಿತ್ತಾಂವ ಅಂವ ಅಲ್ಲ. ನಾನು. ಅಂವ ಬ್ಯಾಡ ಅಂದ, ನಾ ಕೇಳ್ಲಿಲ್ಲ. ನನ್ನ ನೌಕರಿ ಉಳಸಾಕ ತನ್ನ ಮ್ಯಾಲ ಹಾಕ್ಕೊಂಡ."

ಆ ಮುದುಕ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡ.

"ನಿನ್ನ ಸಂಕಟಾ ತಿಳಿತೈತಿ ತಮ್ಮಾ. ಸತ್ತಾಂವನ ಮ್ಯಾಲಿನ ಜೀವಕ್ಕ ಹಂಗ ಅಂತಿ. ಆದ್ರ ನಾ ಅವತ್ತ ಇದ ಬೆಂಚಿನ ಮ್ಯಾಲ ಕೂತಿದ್ದೆ. ನಾನ ಕಿತ್ತೇನಿ ಅಂತ ಉಸ್ತಾದ್ ತನ್ನ ಬಾಯಿಂದ ಹೇಳ್ಯಾನ. ರೋಜಾ ಇದ್ದ, ಆ ಮನಶ್ಯಾ ಸುಳ್ಳ ಹೇಳ್ತಾನ?"