ಬಿಮ್ಮೆಲ್‌ನ ಬಾಯಿ ಕಟ್ಟಿದ ದಿನ

ಮಿನ್ನಾ ಊಲಿಗ್ ಇಂಜಿನ್ನಿಗೆ ಕಲ್ಲಿದ್ದಲು ಹಾಕಲು ಬರುತ್ತಾಳಂತೆ ಎಂದು ಕೇಳಿ ಹಾಸೆನ್‌ಬಾಖ್ ಊರಿನ ಗಂಡಸರು, ಅಂದರೆ ಯುದ್ಧಕ್ಕೂ ಬೇಡವಾಗಿ ಉಳಿದಿದ್ದ ಮುದುಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ಖರ್ಚೇ? ಅವಳ ಗಂಡ ಪೌಲ್ ಫ್ರಾನ್ಸಿನ ಕಂದಕದಲ್ಲಿ ಕೂತಿದ್ದ. ಮನೆಯಲ್ಲಿ ಕಣ್ಣಿಗೆ ಪೊರೆ ಬಂದ ಅತ್ತೆ ಎರ್ನೆಸ್ಟೀನ್ ಇದ್ದಳು. ಒಲೆಯ ಮೇಲೆ ಚಳಿಗಾಲವಿಡೀ ಟರ್ನಿಪ್ ಗಡ್ಡೆಯೇ ಬೇಯುತ್ತಿತ್ತು. ಮಿನ್ನಾ ಅಡುಗೆಬಟ್ಟೆ ಕಟ್ಟುವ ಸೊಂಟಕ್ಕೆ ಚರ್ಮದ ಏಪ್ರನ್ ಕಟ್ಟಿ ಸಲಿಕೆ ಹಿಡಿದಳು. ಯುದ್ಧ ಮುಗಿದು ಗಂಡಸರು ಆ ಸಲಿಕೆ ಕಿತ್ತುಕೊಂಡ ಮೇಲೂ ಊರವರು ಅವಳನ್ನು ಸಾಯುವ ತನಕ ‘ಬಿಮ್ಮೆಲ್ ಮಿನ್ನಾ’ ಎಂದೇ ಕರೆದರು. ಏಕೆಂದು ಹೇಳುತ್ತೇನೆ.

ಸ್ಯಾಕ್ಸನಿಯ ಬೆಟ್ಟಗಳಿಗೆ ಕಿರಿದಾದ ರೈಲುಹಳಿ ಬಂದ ಹೊಸದರಲ್ಲಿ ಕೆಮ್ನಿಟ್ಸ್‌ನಲ್ಲಿ ಕಟ್ಟಿದ ಪುಟ್ಟ ಇಂಜಿನ್ ಅದು. ಮೂರು ಜೊತೆ ಚಕ್ರ, ಉದ್ದನೆಯ ಹೊಗೆ ಕೊಳವೆ, ಮೈತುಂಬ ತೇಪೆ. ಅದರ ದೊಡ್ಡ ತಮ್ಮಂದಿರನ್ನೆಲ್ಲ ಸೈನ್ಯ ಒಯ್ದಿತ್ತು. ಇದೊಂದು ಮಾತ್ರ ಮರದ ದಿಮ್ಮಿ, ಹಾಲಿನ ಕ್ಯಾನು ಎಳೆದುಕೊಂಡು ಊರ ಬೀದಿಯ ನಟ್ಟನಡುವೆ, ಜನರ ಹೊಸ್ತಿಲು ಸವರಿಕೊಂಡು ಹೋಗುತ್ತಿತ್ತು. ಬಾಯ್ಲರಿನ ಮೇಲೆ ಕಂಚಿನ ಗಂಟೆ. ಅದಕ್ಕೆ ಹಬೆ ಬಿಟ್ಟರೆ ಬಿಮ್ ಬಿಮ್ ಎಂದು ತಾನೇ ಬಡಿದುಕೊಳ್ಳುತ್ತಿತ್ತು. ಆ ಸದ್ದೇ ಅದರ ಹೆಸರು, ಬಿಮ್ಮೆಲ್. ‘ರೈಲು’ ಎಂದವನು ಪರವೂರಿನವನೆಂದೇ ಲೆಕ್ಕ. ಎರ್ನೆಸ್ಟೀನ್ ನೀರಿಗಾಗಿ ದಿನಾ ಹಳಿ ದಾಟುತ್ತಿದ್ದದ್ದು ಆ ಗಂಟೆಯೊಂದನ್ನೇ ನಂಬಿ.

ಚರ್ಚಿನ ಗಂಟೆ ಆಗಲೇ ಫಿರಂಗಿಯ ಎರಕಕ್ಕೆಂದು ಹೋಗಿತ್ತು. ಆಮೇಲೆ ಲೋಹ ವಸೂಲಿಯ ಅಧಿಕಾರಿ ಕ್ನೋಲ್, ಮಿರಮಿರ ಮಿಂಚುವ ಬೂಟು ಹಾಕಿಕೊಂಡು ಬೆಟ್ಟದ ಮೇಲಿನ ನಿಲ್ದಾಣಕ್ಕೆ ಬಂದು ಬಿಮ್ಮೆಲ್‌ನ ಗಂಟೆಗೂ ಕೈಹಾಕಿದ.

“ಅದ್ನ ಬಿಚ್ಚಿದ್ರೆ ಬೀದೀಲಿರೋರಿಗೆ ಗೊತ್ತಾಗೋದು ಹೆಂಗೆ ಸಾಹೇಬ್ರೇ?” ಎಂದಳು ಮಿನ್ನಾ.

“ಇಷ್ಟು ಭಾರದ ಗಾಡಿ ಬರೋದು ಕೇಳಿಸಲ್ವೇನಮ್ಮ? ನಿಮ್ಮೂರೋರೆಲ್ಲ ಕಿವುಡ್ರಾ?”

“ಇಳಿಜಾರಲ್ಲಿ ಚಕ್ರಕ್ಕೆ ಹಬೆ ನಿಲ್ಸಿದ್ರೆ ಇದು ಬೆಕ್ಕಿನ ಥರ ಬರುತ್ತೆ. ಮೇಲಿಂದ ಹಿಮ ಬೇರೆ ಬಿದ್ದಿದೆ.”

“ದೇಶಕ್ಕೆ ಬೇಕು.”

“ದೇಶಕ್ಕೆ ಗಂಡನ್ನ ಕೊಟ್ಟಿದ್ದೀನಿ. ಈಗ ಅತ್ತೇನೂ ಬೇಕಂತಾ?”

ಕ್ನೋಲ್ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ಪೆಟ್ಟಿಗೆಯನ್ನು ತಾನು ಕೂತ ಬೋಗಿಯಲ್ಲೇ ಇರಿಸಿಕೊಂಡ.

ಗಾಡಿ ಇಳಿಯಿತು. ಊರ ಬೀದಿಗೆ ಹೊರಳಿದಾಗ ಮಿನ್ನಾ ತಲೆ ಹೊರಹಾಕಿ ನೋಡಿದಳು. ಹಳಿಯ ಮಧ್ಯೆ ಎರ್ನೆಸ್ಟೀನ್ ಬಗ್ಗಿ, ಜಾರಿಬಿದ್ದ ಬಕೆಟ್ಟನ್ನು ಹಿಮದಲ್ಲಿ ತಡಕಾಡುತ್ತಿದ್ದಳು. ಮಿನ್ನಾ ಕಿರುಚಿದಳು. ಪಿಂಚಣಿಯಿಂದ ಎಬ್ಬಿಸಿ ತಂದಿದ್ದ ಡ್ರೈವರ್ ಲೋಶ್ನರ್ ಮೈಭಾರವನ್ನೆಲ್ಲ ಬಿಟ್ಟು ಬ್ರೇಕು ಎಳೆದ. ಬಕೆಟ್ಟು ಅಪ್ಪಚ್ಚಿಯಾಯಿತು. ಅತ್ತೆ ಉಳಿದಳು.

“ಯಾವನೋ ಅವನು, ಕಳ್ಳನ ಥರ ಬರೋನು?” ಎಂದು ಮುದುಕಿ ಇಂಜಿನ್ನಿಗೇ ಬೈದಳು.

ಮಿನ್ನಾ ಇಂಜಿನ್ನಿನಿಂದ ಧುಮುಕಿದಳು. ಅವಳು ಅತ್ತೆಯನ್ನು ಹೊಸ್ತಿಲಿಗೆ ಕೂರಿಸಿ, ಸಲಿಕೆ ಮತ್ತು ಸುತ್ತಿಗೆ ತೆಗೆದುಕೊಂಡು ಇಂಜಿನ್ನಿನ ಮುಂದೆ ನಿಂತಳು. ಗಂಟೆ ಇಲ್ಲದ ಗಾಡಿ ಬೀದಿಯಲ್ಲಿ ಹೋಗಬೇಕಾದರೆ ಆಳೊಬ್ಬರು ಸದ್ದು ಮಾಡುತ್ತ ಮುಂದೆ ನಡೆಯಬೇಕೆಂದು ರೈಲ್ವೆಯದೇ ನಿಯಮ. ಅವಳು ನಡೆದಳು, ಮದುವೆ ಹೆಣ್ಣಿನ ನಡಿಗೆ. ಸಲಿಕೆ ಠಣ್ ಠಣ್ ಎನ್ನುತ್ತಿತ್ತು. ಕಿಟಕಿಗಳಿಂದ ಹೆಂಗಸರು ಇಣುಕಿ ನಗತೊಡಗಿದರು.

ಕ್ನೋಲ್ ತಲೆ ಹೊರಹಾಕಿದ. “ಏನಿದು ನಾಟಕ? ಕೆಳಗೆ ನಂಗೆ ಡ್ರೆಸ್ಡೆನ್ ಗಾಡಿ ತಪ್ಪುತ್ತೆ.”

“ನಿಯಮ ಸಾಹೇಬ್ರೇ. ಅವಸರ ಇದ್ರೆ ಇಳ್ದು ನಡೀರಿ, ಬೇಗ ಹೋಗ್ತೀರಿ.”

“ಜೈಲಿಗೆ ಹಾಕಿಸ್ತೀನಿ.”

“ಅಲ್ಲಾದ್ರೂ ಟರ್ನಿಪ್ ಬಿಟ್ಟು ಬೇರೆ ಏನಾದ್ರೂ ಕೊಡ್ತಾರಾ?”

ಬೀದಿ ಬಿದ್ದು ಬಿದ್ದು ನಕ್ಕಿತು. ಕ್ನೋಲ್‌ಗೆ ಮೂಗಿನ ತುದಿಗೆ ಸಿಟ್ಟು. ಪೆಟ್ಟಿಗೆಯನ್ನು ಬೋಗಿಯಲ್ಲೇ ಬಿಟ್ಟು, ಧಡಕ್ಕನೆ ಇಳಿದು, ಅವಳನ್ನು ದಾಟಿ ಮುಂದೆ ಹೋದ. ಎರಡೂ ಕಡೆ ಹಿಮದ ಗುಡ್ಡೆ, ಕಾಲಿಡಲು ಹಳಿಯ ಮಧ್ಯೆ ಬಿಟ್ಟರೆ ಜಾಗವಿರಲಿಲ್ಲ. ಆ ಜಾಗದಲ್ಲೇ ಬುಸುಗುಡುತ್ತ ನಡೆದ.

ಅವನ ಬೆನ್ನು ನೋಡುತ್ತಲೇ ಮಿನ್ನಾಗೆ ಒಂದು ಉಪಾಯ ಹೊಳೆಯಿತು. ಸುತ್ತಿಗೆ ನಿಲ್ಲಿಸಿ ಇಂಜಿನ್ ಹತ್ತಿದಳು.

“ಲೋಶ್ನರ್ ಮಾವ, ಬ್ರೇಕ್ ಮೇಲೆ ಕೈ ಇರ್ಲಿ. ಮೆಲ್ಲಗೆ ಬಿಡು.”

“ನನ್ನ ಪಿಂಚಣಿ ತಿನ್ನೋಕೇ ಹುಟ್ಟಿದೀಯಾ ನೀನು,” ಎಂದ ಮುದುಕ. ಆದರೂ ಬಿಟ್ಟ.

ಬಿಮ್ಮೆಲ್ ಹೆಜ್ಜೆಯ ಮೇಲೆ ಹೆಜ್ಜೆಯಿಡುವಂತೆ ಇಳಿಯಿತು. ಚಕ್ರದ ಸದ್ದನ್ನು ಹಿಮ ನುಂಗಿತು. ನಗುತ್ತಿದ್ದ ಬೀದಿಯೂ ಬಾಯಿ ಮುಚ್ಚಿಕೊಂಡಿತು. ಕ್ನೋಲ್‌ನ ಕತ್ತಿಗೆ ಬಿಸಿ ಗಾಳಿ ತಾಗಿತು, ತಿರುಗಿದ. ತೋಳಳತೆಯಲ್ಲಿ ಕಪ್ಪು ಕಬ್ಬಿಣ. ಅಯ್ಯೋ ಎನ್ನಲೂ ಉಸಿರಿಲ್ಲದೆ ಹಿಮದ ಗುಡ್ಡೆಗೆ ಮಕಾಡೆ ಬಿದ್ದ. ಲೋಶ್ನರ್ ಆಗಲೇ ಗಾಡಿ ನಿಲ್ಲಿಸಿದ್ದ.

ಮಿನ್ನಾ ಇಳಿದು ಹತ್ತಿರ ಹೋದಳು.

“ನಂಗೆ... ನಂಗೆ ಕೇಳಿಸ್ಲೇ ಇಲ್ಲ,” ಎಂದ. ಬಾಯಿಗೆ ಹೊಕ್ಕಿದ್ದ ಹಿಮ ಉಗುಳಿದ.

“ನಮ್ಮತ್ತೆಗೂ ಕೇಳಿಸ್ಲಿಲ್ಲ,” ಎಂದು ಮಿನ್ನಾ ಮಸಿ ಹಿಡಿದ ಅಂಗೈ ಚಾಚಿದಳು.

ಎಬ್ಬಿಸಲು ಬಂದಳೆಂದುಕೊಂಡು ಅವನೂ ಕೈ ನೀಡಿದ.

“ಈ ಕೈಯಲ್ಲ ಸಾಹೇಬ್ರೇ,” ಎಂದಳು ಮಿನ್ನಾ. “ಬೀಗದ ಕೈ.”