ಬ್ಯಾಂಕಿನ ಕಿಟಕಿಯಲ್ಲಿ ಕಂಡವರು

ಆ ದಿನ ಬೆಳಿಗ್ಗೆ ನಮ್ಮ ಮನೆಯವರು ರೊಟ್ಟಿಯ ಅಂಚನ್ನೆಲ್ಲ ತಟ್ಟೆಯಲ್ಲೇ ಬಿಟ್ಟು, ನಡುವಿನ ಮೆತ್ತಗಿನದನ್ನಷ್ಟೇ ತಿಂದು ಎದ್ದರು. ಎಡದವಡೆಯ ಹಲ್ಲು ನೋಯುತ್ತಿತ್ತು.

"ನಗಲಿಕ್ಕೆ ತ್ರಾಸ ಆಗತದ ನೋಡು," ಎಂದರು. "ನಗಲಿಲ್ಲಂದ್ರ ನನಗ ಪಗಾರ ಯಾಕ ಕೊಡತಾರ?"

ನಗುವುದಕ್ಕೂ ಪಗಾರವೇ ಎಂದು ನೀವು ಕೇಳಬಹುದು. ಪುಣೆಯ ಪೇಟೆಯೊಳಗಿನ ಒಂದು ಸಣ್ಣ ಬ್ಯಾಂಕಿನಲ್ಲಿ, ರಸ್ತೆಗೆ ತೆರೆದ ಕಿಟಕಿಯ ಬಳಿ ಕೂತು ಠೇವಣಿದಾರರನ್ನು ಮಾತನಾಡಿಸುವುದು ಅವರ ಕೆಲಸವಾಗಿತ್ತು. ಊರಿನವರೊಡನೆ ಮರಾಠಿ, ಧಾರವಾಡ ಬೆಳಗಾವಿ ಕಡೆಯ ವ್ಯಾಪಾರಿಗಳೊಡನೆ ಕನ್ನಡ. ಎರಡನೆಯ ಮಹಾಯುದ್ಧ ಬಂದ ಮೇಲೆ ಇಂಥ ಕೆಲಸಕ್ಕೆ ಪಬ್ಲಿಸಿಟಿ ಎಂಬ ಹೆಸರು ಕೇಳಿದೆ. ಆಗ ಹೆಸರಿರಲಿಲ್ಲ, ಒಂದು ಕುರ್ಚಿ ಇತ್ತು. ವ್ಯಾಪಾರ ಕುಸಿದು ಬೇರೆ ಊರುಗಳ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ, ಆ ಕುರ್ಚಿಯಲ್ಲಿ ಅವರು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾರೆ ಎಂಬುದೇ ಜನಕ್ಕೆ ಧೈರ್ಯ. ಮುಳುಗುವ ಮನೆಯಲ್ಲಿ ಯಾರಾದರೂ ಹಾಗೆ ಕೂರುತ್ತಾರೆಯೇ?

ಅಂದು ಅವರು ತಳೇಗಾಂವದ ಠೇವಣಿದಾರರನ್ನು ಸಮಾಧಾನ ಮಾಡಲು, ತಮ್ಮನಾದ ಶ್ರೀಪತಿಯನ್ನೂ ಮ್ಯಾನೇಜರನ್ನೂ ಕೂಡಿಕೊಂಡು ರೈಲಿಗೆ ಹೋದರು. ಮರುದಿನ ಶ್ರೀಪತಿ, ಮ್ಯಾನೇಜರು ಇಬ್ಬರೇ ಬಂದರು. ನಮ್ಮವರು ಎದೆನೋವು ಬಂದು ಅಲ್ಲೇ ತೀರಿಕೊಂಡರಂತೆ. ನನಗೆ ಮುಖವನ್ನೂ ತೋರಿಸದೆ ಅಲ್ಲೇ ನದಿಯ ದಂಡೆಯಲ್ಲಿ ಸುಟ್ಟು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಅತ್ತಿಗೆಗೆ ಮುಗಿಯುವಂತೆ ಕೈಮುಗಿದರು.

"ಅಳಬ್ಯಾಡ್ರಿ ವೈನಿ. ವಾಡೆದಾಗಿನ ಬಾಕಿ ಮನಿಯವರಿಗೆ ಗೊತ್ತಾದ್ರ ಪ್ಯಾಟಿಗೆಲ್ಲ ಗೊತ್ತಾಗತದ. ಅವರು ಕಿಡಕ್ಯಾಗ ಕಾಣಲಿಲ್ಲಂದ್ರ ಬ್ಯಾಂಕ್ ಉಳಿಯೂದಿಲ್ರಿ. ನಿಮ್ಮ ಮ್ಯಾಲಿನ ಮನಿ ಗಂಗಕ್ಕನಂಥಾವರು ಎಲ್ಲಿಗೆ ಹೋಗಬೇಕು?"

"ಅವರ ಇಲ್ಲಲ್ರಿ. ಕಾಣೂದು ಹ್ಯಾಂಗ?"

ಮ್ಯಾನೇಜರು ಶ್ರೀಪತಿಯ ಕಡೆಗೆ ನೋಡಿದರು. ಅದೇ ಮೂಗು, ಅದೇ ಮೀಸೆ. ಶ್ರೀಪತಿ ತಲೆ ತಗ್ಗಿಸಿ ಅಣ್ಣನ ಕೋಟನ್ನು ಗೂಟದಿಂದ ತೆಗೆದ.

ಗಂಡ ಸತ್ತ ಗಂಗಕ್ಕ ತನ್ನದೆಂಬುದನ್ನೆಲ್ಲ ಆ ಬ್ಯಾಂಕಿನಲ್ಲಿಟ್ಟದ್ದು ನಮ್ಮವರ ಮಾತಿನ ಮೇಲೆಯೇ. ಹಾಗಾಗಿ ನಾನು ಅಳಲಿಲ್ಲ. ಸೂತಕದ ಮನೆಯ ಮುಂದೆ ರಂಗೋಲಿ ಹಾಕಿದೆ, ಕುಂಕುಮ ಇಟ್ಟುಕೊಂಡೆ. ಬ್ಯಾಂಕು ಮುಳುಗುತ್ತದೆಂಬ ಗುಲ್ಲು ಹೆಚ್ಚಿದ ದಿನ ಗಂಗಕ್ಕ ನನ್ನ ಕೈ ಹಿಡಿದು ಬ್ಯಾಂಕಿಗೆ ಎಳೆದುಕೊಂಡು ಹೋದಳು.

ರಸ್ತೆ ತುಂಬ ಜನ. ಕಿಟಕಿಯಲ್ಲಿ ನಮ್ಮ ಮನೆಯವರು ಕೂತಿದ್ದರು. ಶ್ರೀಪತಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆಯೇ ಕಂಡಿತು. ಅವನು ಗಂಗಕ್ಕನಿಗೆ ಕೈ ಎತ್ತಿ ನಕ್ಕ, ನಗುತ್ತಲೇ ಎಡದವಡೆಯನ್ನು ಮೆಲ್ಲಗೆ ಒತ್ತಿಕೊಂಡ. ಶ್ರೀಪತಿಗೆ ಹಲ್ಲುನೋವು ಇರಲಿಲ್ಲ. ಆಮೇಲೆ ಕೇಳಿದಾಗ, "ನಾ ಎಲ್ಲಿ ಒತ್ತಿಕೊಂಡೆ ವೈನಿ?" ಎಂದ.

"ಏನ ನೋಡತೀಯ? ಹೊಸಾ ಮದಿಮಗಳಾಗಿಯೇನ, ಗಂಡನ ಮಾರಿ ಕಂಡಽ ಇಲ್ಲದಂಗ?" ಎಂದು ಗಂಗಕ್ಕ ಗಟ್ಟಿಯಾಗಿ ನಕ್ಕಳು. ಸುತ್ತಲಿನವರೂ ನಕ್ಕರು. ಆ ನಗುವಿನಲ್ಲಿ ಭಯ ಸ್ವಲ್ಪ ಸಡಿಲಾಗಿ, ಮುಂದೆ ನಿಂತ ಒಬ್ಬರು ಪಾಸ್‌ಬುಕ್ಕನ್ನು ಕೋಟಿನೊಳಗಿಟ್ಟು ಮನೆಯ ಕಡೆ ತಿರುಗಿದರು. ಅವರ ಹಿಂದೆ ಇನ್ನೊಬ್ಬರು. ನಾನೂ ನಕ್ಕೆ. ಯಾರನ್ನೂ ನಂಬಿಸಲಿಕ್ಕಲ್ಲ, ಅವರನ್ನು ಕಂಡು ನಿಜವಾಗಿಯೂ ಸಂತೋಷವಾಯಿತು. ಕಿಟಕಿಯಲ್ಲಿ ಕೂತು ನಗುವ ಆ ಉದ್ಯೋಗದ ಬಲ ಎಷ್ಟೆಂದು ನನಗೆ ಆಗ ತಿಳಿಯಿತು. ಸುಳ್ಳೆಂದು ಬಲ್ಲವರನ್ನೂ ಅದು ಬಿಡುವುದಿಲ್ಲ.

ಬ್ಯಾಂಕು ಉಳಿಯಿತು. ಗದ್ದಲ ಅಡಗಿದ ಮೇಲೆ ಮ್ಯಾನೇಜರು, "ಇನ್ನ ಹೇಳರಿ ವೈನಿ, ಇವತ್ತ ಹೋದ್ರು ಅಂತ ಹೇಳರಿ," ಎಂದರು. ನಾನು ಗಂಗಕ್ಕನಿಗೆ ಇದ್ದುದನ್ನೇ ಹೇಳಿದೆ: ಅವರು ತಳೇಗಾಂವದಲ್ಲಿ, ಎಂದೋ ಹೋದರು.

"ಹುಚ್ಚೀ, ಜಗಳಾಡಿದ್ರ ಹಿಂಗ ಅಂತಾರೇನ? ಮೊನ್ನೆ ಕಿಡಕ್ಯಾಗಿಂದ ನನಗ ಕೈ ಎತ್ತಿ ನಕ್ಕಿದ್ರಲ್ಲ!"

ನಾನು ಕುಂಕುಮ ಅಳಿಸಿದ ಬರಿ ಹಣೆ ನೋಡಿದ ಮೇಲೆ ಅವಳು ಹೌಹಾರಿ ಅತ್ತಳು. ಆದರೆ ಅವರು ಇವತ್ತೇ ಹೋದರೆಂದು ಅತ್ತಳು. ದುಃಖಕ್ಕೆ ನನಗೆ ಭ್ರಮೆ ಹಿಡಿದಿದೆ ಎಂದು ವಾಡೆಯವರೆಲ್ಲ ಮಾತಾಡಿಕೊಂಡರು. ಅವರ ನಡುವೆ ನಾನು ಒಣಗಣ್ಣಿನಿಂದ ಕೂತಿದ್ದೆ. ಅವರು ಅಳುತ್ತಿದ್ದದ್ದು ಕಿಟಕಿಯಲ್ಲಿ ಕಂಡವರಿಗಾಗಿ. ಆ ಮನುಷ್ಯ ಒಳಗಿನ ಕೋಣೆಯಲ್ಲಿ ಜೀವಂತ ಕೂತಿದ್ದ.

ನಮ್ಮವರಿಗಾಗಿ ನಾನು ಇನ್ನೂ ಅತ್ತಿಲ್ಲ.